ಸುಳ್ಳು ನಿಶ್ಚಿತಾರ್ಥದ ಕಾದಂಬರಿ ಬರೆಯುವ ಬಗೆ

ಸಿರಿವಂತ ನಾಯಕ, ಸಾಧಾರಣ ಮನೆಯ ನಾಯಕಿ, ಇಬ್ಬರ ನಡುವೆ ತೋರಿಕೆಯ ನಿಶ್ಚಿತಾರ್ಥ. ಕೊನೆಗೆ ಇಬ್ಬರೂ ಒಂದಾಗುತ್ತಾರೆ ಎಂಬುದು ಓದುಗರಿಗೆ ಮೊದಲ ಅಧ್ಯಾಯದಲ್ಲೇ ಗೊತ್ತು. ಸುಳ್ಳು ಯಾರ ಮುಂದೆ, ಯಾವಾಗ ಒಡೆಯುತ್ತದೆ ಎಂದು ನೋಡಲು ಅವರು ಓದುತ್ತಾ ಹೋಗುತ್ತಾರೆ. ಹಾಗಾಗಿ ಪ್ರೇಮದ ದೃಶ್ಯಗಳಿಗೆ ಕೈ ಹಾಕುವ ಮೊದಲು ಸುಳ್ಳಿನ ಲೆಕ್ಕ ಸರಿಮಾಡಿಕೊಳ್ಳಿ.

ದುಡ್ಡಿದ್ದವನಿಗೆ ಈ ನಾಟಕ ಯಾಕೆ ಬೇಕು? ‘ಮೂವತ್ತರೊಳಗೆ ಮದುವೆಯಾಗದಿದ್ದರೆ ಆಸ್ತಿಯಿಲ್ಲ’ ಎಂದು ತಾತ ವಿಲ್ ಬರೆದಿಡುವುದು ಸವೆದ ದಾರಿ. ಕಾನೂನಿನಲ್ಲೂ ಎಡವುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ, 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಇದೆ. ತಾತ ವಿಲ್ ಬರೆಯಬಹುದಾದದ್ದು ತನ್ನ ಸ್ವಯಾರ್ಜಿತಕ್ಕೆ ಮತ್ತು ತನ್ನ ಪಾಲಿಗೆ ಮಾತ್ರ. ವಿಲ್ ಬೇಕೇ ಬೇಕು ಎಂದಾದರೆ, ತೋಟ ತಾತ ಸ್ವಂತ ದುಡಿಮೆಯಲ್ಲಿ ಕೊಂಡದ್ದು ಎಂಬ ಒಂದು ಸಾಲನ್ನು ಮೊದಲೇ ಸೇರಿಸಿ.

ಇದಕ್ಕಿಂತ ಗಟ್ಟಿ ಕಾರಣ ನಮ್ಮ ಮನೆಗಳಲ್ಲೇ ಸಿಗುತ್ತದೆ. ನಾಯಕ ಚಿಕ್ಕಮಗಳೂರಿನ ಪ್ಲಾಂಟರ್ ಎನ್ನೋಣ. ಬ್ಯಾಂಕ್ ಸಾಲಕ್ಕೆ ಜಾಮೀನು ನಿಂತ ಹಿರಿಯರೊಬ್ಬರು ತಮ್ಮ ಮಗಳನ್ನು ಕೊಡುತ್ತೇವೆ ಎನ್ನುತ್ತಾರೆ. ಮುಖಕ್ಕೆ ಹೊಡೆದಂತೆ ಬೇಡ ಎನ್ನುವಂತಿಲ್ಲ. ‘ಹುಡುಗನಿಗೆ ಬೇರೆ ಕಡೆ ಗೊತ್ತಾಗಿದೆ’ ಎಂದರೆ ಯಾರಿಗೂ ಅವಮಾನವಿಲ್ಲ. ಹೀಗೆ ಬಾಯಿತಪ್ಪಿ ಹೇಳಿದ ಮಾತಿಗೆ ಹುಡುಗಿಯನ್ನು ತೋರಿಸಬೇಕಾಗಿ ಬಂದಲ್ಲಿ ಕಥೆ ಶುರು.

ಶ್ರೀಮಂತಿಕೆಯನ್ನು ಕಾರಿನ ಹೆಸರಿನಿಂದ ಹೇಳಬೇಡಿ, ಅವನ ಕೆಲಸದಿಂದ ಹೇಳಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ಅದರ ಬೆನ್ನಿಗೇ ರೊಬಸ್ಟಾ. ಆ ದಿನಗಳಲ್ಲಿ ಪ್ಲಾಂಟರ್ ಮಧ್ಯಾಹ್ನ ಬೆಂಗಳೂರಿನ ಹೋಟೆಲಿನಲ್ಲಿ ಕೂತು ಪ್ರೇಮಸಲ್ಲಾಪ ಮಾಡಲಾರ. ಕಣದಲ್ಲಿ ಹರಡಿದ ಕಾಫಿಯ ಮೇಲೆ ಮೋಡ ಕಟ್ಟಿದರೆ ಅವನ ಜೀವ ಅಲ್ಲಿರುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ, ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಗೆ ಕಾಯುವ ಅವನ ಚಡಪಡಿಕೆಯನ್ನು ನಾಯಕಿ ಗಮನಿಸಿದಳೆಂದರೆ, ಅವಳಿಗೆ ಅವನ ಮೇಲೆ ಮನಸ್ಸಾಗಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ನಾಟಕಕ್ಕೆ ನಾಯಕ ಕೊಡುವ, ನಾಯಕಿ ಒಪ್ಪುವ ಮೊತ್ತ ಸ್ಪಷ್ಟವಾಗಿರಲಿ. 2 ಲಕ್ಷವಾದರೆ ಒಡವೆ ಅಡವಿಟ್ಟರೆ ತೀರುತ್ತದೆ, 2 ಕೋಟಿಯಾದರೆ ಅವಳನ್ನೇ ಕೊಂಡಂತೆ ಕಾಣುತ್ತದೆ. ಅಪ್ಪನ ಅಂಗಡಿಯ ಮೇಲಿನ 12–15 ಲಕ್ಷದ ಸಾಲ ನಂಬುವ ಹಾಗಿರುತ್ತದೆ. ದುಡ್ಡು ಒಂದೇ ಸಲ ಕೈಗೆ ಬಾರದೆ ಕಂತಿನಲ್ಲಿ ಬರಲಿ, ಆಗ ಮಧ್ಯದಲ್ಲಿ ಬಿಟ್ಟುಹೋಗುವುದಕ್ಕೂ ಬೆಲೆ ತೆರಬೇಕಾಗುತ್ತದೆ.

ಒಪ್ಪಂದದಲ್ಲಿ ಅವಧಿ ಎಷ್ಟು, ಗುಟ್ಟು ಯಾರಿಗೆ ಗೊತ್ತು, ಯಾರೆದುರು ಎಷ್ಟು ಸಲಿಗೆ, ಮುರಿಯುವಾಗ ತಪ್ಪು ಯಾರ ತಲೆಗೆ ಎಂಬ ನಾಲ್ಕು ವಿಷಯಗಳಿದ್ದರೆ ಸಾಕು. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಮುರಿದುಬಿದ್ದ ನಿಶ್ಚಿತಾರ್ಥದ ಮಾತು ಹುಡುಗಿಯ ಮನೆಯನ್ನೇ ಹೆಚ್ಚು ಕಾಡುವುದರಿಂದ ಅವಳು ಚೌಕಾಸಿ ಮಾಡಬೇಕಾದದ್ದು ಇಲ್ಲೇ. ಹಾಗೆಯೇ ‘ಕೋರ್ಟಿಗೆ ಎಳೀತೀನಿ’ ಎಂಬ ಸಂಭಾಷಣೆ ಬರೆಯಬೇಡಿ. 1872ರ ಕರಾರು ಕಾಯ್ದೆಯ 23ನೇ ಕಲಮಿನ ಪ್ರಕಾರ ವಂಚನೆಯ ಉದ್ದೇಶದ ಒಪ್ಪಂದ ಊರ್ಜಿತವಲ್ಲ. ಭಯವೇನಿದ್ದರೂ ಮನೆಯವರ ಮುಖದ್ದು.

ಅತಿ ದೊಡ್ಡ ಎಡವಟ್ಟು ಆಗುವುದು ನಿಶ್ಚಿತಾರ್ಥದ ದೃಶ್ಯದಲ್ಲೇ. ಮಂಡಿಯೂರಿ ಉಂಗುರ ತೊಡಿಸಿ ಮುಗಿಸಿದರೆ ಅದು ಎರವಲು ಕಥೆ. ನಮ್ಮಲ್ಲಿ ಪುರೋಹಿತರು ಲಗ್ನಪತ್ರಿಕೆ ಓದುತ್ತಾರೆ, ಹಿರಿಯರು ಎದುರುಬದುರು ಕೂತು ತಾಂಬೂಲ ಬದಲಾಯಿಸಿಕೊಳ್ಳುತ್ತಾರೆ. ಮಾತು ಕೊಡುವವರು ಹಿರಿಯರು. ಅಂದರೆ ಅವಳ ಅಪ್ಪ, ಪಂಚೆಯ ಮಡಿಕೆ ಸರಿಮಾಡಿಕೊಂಡು, ಎರಡೂ ಕೈಯಲ್ಲಿ ತಟ್ಟೆ ಹಿಡಿದು ಸುಳ್ಳೊಂದನ್ನು ನಿಜವೆಂದೇ ಸ್ವೀಕರಿಸುತ್ತಾರೆ. ಅಪ್ಪನ ಕೈಯಲ್ಲಿರುವ ಆ ತಟ್ಟೆಯನ್ನು ನಾಯಕಿ ನೋಡುವ ಗಳಿಗೆಗೆ ಒಂದು ಪುಟ ಮೀಸಲಿಡಿ. ಅಪ್ಪ–ಅಮ್ಮನಿಗೆ ಗುಟ್ಟು ಗೊತ್ತೋ ಇಲ್ಲವೋ ಎಂಬುದು ಮೂರನೆಯ ಅಧ್ಯಾಯದೊಳಗೆ ತೀರ್ಮಾನವಾಗಿರಬೇಕು. ಆಮೇಲೆ ಬದಲಾಯಿಸಿದರೆ ಹಿಂದೆ ಬರೆದದ್ದೆಲ್ಲ ಬಿಚ್ಚಿಕೊಳ್ಳುತ್ತದೆ.

ಲಗ್ನಪತ್ರಿಕೆಯಿಂದ ಇನ್ನೊಂದು ಲಾಭವಿದೆ. ಮುಹೂರ್ತ ಬರೆದಾಯಿತೆಂದರೆ ಕಥೆಗೆ ಗಡುವು ತಾನಾಗಿ ಸಿಗುತ್ತದೆ. ಜ್ಯೇಷ್ಠದಲ್ಲಿ ನಿಶ್ಚಿತಾರ್ಥ ಇಟ್ಟರೆ ಆಷಾಢದಲ್ಲಿ ಮದುವೆ ಮಾಡುವುದಿಲ್ಲ, ಶ್ರಾವಣದವರೆಗೆ ಕಾಯಬೇಕು. ಎರಡು ತಿಂಗಳ ನಾಟಕಕ್ಕೆ ಇದಕ್ಕಿಂತ ಒಳ್ಳೆ ನೆಪವಿಲ್ಲ. ಛತ್ರದ ಮುಂಗಡ, ಸೀರೆ ಖರೀದಿ, ಕರೆಯೋಲೆ ಅಚ್ಚು ಒಂದೊಂದೂ ಹಿಂತಿರುಗುವ ದಾರಿಯನ್ನು ಮುಚ್ಚುತ್ತಾ ಬರುತ್ತದೆ.

ಮಧ್ಯಭಾಗದಲ್ಲಿ ಜನರೆದುರಿನ ದೃಶ್ಯಕ್ಕೂ ಇಬ್ಬರೇ ಇರುವ ದೃಶ್ಯಕ್ಕೂ ಸರದಿ ಕೊಡಿ. ನಂಟರೆದುರು ‘ರೀ’ ಎನ್ನುವವಳು ಕಾರು ಹತ್ತಿದ ಕೂಡಲೇ ‘ಸರ್’ಗೆ ಇಳಿಯುತ್ತಾಳೆ. ಯಾರೂ ಇಲ್ಲದಾಗ ಒಮ್ಮೆ ‘ರೀ’ ಜಾರಿಬರಲಿ, ಆದರೆ ಅರ್ಧ ಕಾದಂಬರಿ ಮುಗಿಯುವ ಮೊದಲು ಬೇಡ.

ಇಂಗ್ಲಿಷ್ ಪ್ರೇಮಕಾದಂಬರಿಗಳ ಪ್ರಕಾಶನ ಸಂಸ್ಥೆ ಮಿಲ್ಸ್ ಅಂಡ್ ಬೂನ್‌ನಲ್ಲಿ ಸಿರಿವಂತ ನಾಯಕರ ಕಾದಂಬರಿಗಳು ಸುಮಾರು 50,000 ಪದಗಳವು. ವಿಭಕ್ತಿ, ಪ್ರತ್ಯಯಗಳೆಲ್ಲ ಪದಕ್ಕೇ ಅಂಟುವ ಕನ್ನಡದಲ್ಲಿ 35–40 ಸಾವಿರಕ್ಕೆ ಅಷ್ಟೇ ಕಥೆ ಹಿಡಿಸುತ್ತದೆ. ಮುಕ್ಕಾಲು ಭಾಗದ ಹೊತ್ತಿಗೆ ಗುಟ್ಟು ಒಡೆಯಬೇಕು. ಹಳೆಯ ಗೆಳತಿ ಬಂದು ಚಾಡಿ ಹೇಳುವುದಕ್ಕಿಂತ, ಇಬ್ಬರಲ್ಲಿ ಒಬ್ಬರು ತಾಳಲಾರದೆ ಹೇಳಿಬಿಡುವುದು ವಾಸಿ.

ಅವನು ಅವಳಿಗೆ ದುಡ್ಡು ಕೊಡುತ್ತಿರುವಷ್ಟು ದಿನ ಅವಳ ‘ಹೂಂ’ ಓದುಗರಿಗೆ ಅನುಮಾನವಾಗಿಯೇ ಕೇಳುತ್ತದೆ. ಆದ್ದರಿಂದ ನಿಜವಾದ ಪ್ರೇಮನಿವೇದನೆಗೆ ಮೊದಲು ಒಪ್ಪಂದ ಮುಗಿದಿರಬೇಕು, ಬಾಕಿ ಕಂತನ್ನು ಅವಳು ಬೇಡವೆಂದಿರಬೇಕು. ಒಡವೆ, ಸೀರೆ ಹಿಂದಿರುಗಿಸುವ ದೃಶ್ಯವನ್ನು ಎರಡು ಸಾಲಿನಲ್ಲಿ ಹಾರಿಸದೆ ಪೂರಾ ಬರೆಯಿರಿ. ಚೀಲ ಯಾರು ಹೊತ್ತರು, ಬಾಗಿಲು ತೆರೆದವರು ಒಳಗೆ ಕರೆದರೋ ಇಲ್ಲವೋ ಎಲ್ಲವೂ ಬರಲಿ. ನಾಯಕ ಮೊದಲು ಕ್ಷಮೆ ಕೇಳಬೇಕಾದದ್ದು ತಟ್ಟೆ ಹಿಡಿದಿದ್ದ ಆ ಅಪ್ಪನನ್ನು. ಅವರು ಒಂದೇ ಭೇಟಿಗೆ ಕರಗಿಬಿಟ್ಟರೆ ನಂಬುವವರಿಲ್ಲ. ಎರಡನೆಯ ಸಲ ಬಂದಾಗ ಕಾಫಿ ಕೊಟ್ಟರೆ ಸಾಕು.