ಬೀಗ ಬಿದ್ದ ಮನೆಗೆ ಮೊದಲು ಖಾತೆ ಮಾಡಿಸಿ

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ನಂದೊಂದು ಆನ್‌ಲೈನ್ ಸೆಂಟರ್. ಅರ್ಜಿ ಹಾಕಿಕೊಡುವುದೇ ಹೊಟ್ಟೆಪಾಡು. ನಮ್ಮ ಓಣಿ ಸುಧಾರಿಸಲಿ ಅಂತ ಎಲ್ಲರೂ ಚರಂಡಿ, ಬೀದಿದೀಪಕ್ಕೆ ಮನವಿ ಕೊಡುತ್ತಿದ್ದರು. ನಾನು ಖಾತೆ ಕೆಲಸ ಹಿಡಿದೆ, ಅಂದ್ರೆ ಪಾಲಿಕೆ ದಾಖಲೆಯಲ್ಲಿ ಮನೆಯನ್ನು ಈಗಿನ ವಾರಸುದಾರರ ಹೆಸರಿಗೆ ಮಾಡಿಸೋದು.

ಯಾಕೆ ಅಂದ್ರೆ, ಇಲ್ಲಿ ಬೀಗ ಬಿದ್ದ ಮಣ್ಣಿನ ಮಾಳಿಗೆ ಮನೆಗಳು ಜಾಸ್ತಿ. ಮಳೆಗಾಲಕ್ಕೆ ಮುಂಚೆ ಯಾರಾದರೂ ಮೇಲೆ ಹತ್ತಿ ಚೌಳು ಮಣ್ಣು ಹಾಕಬೇಕು. ಹಾಕದಿದ್ದರೆ ಸೋರುತ್ತದೆ, ತೊಲೆ ಕೊಳೆಯುತ್ತದೆ, ಕಡೆಗೆ ಗೋಡೆ ಓಣಿಗೇ ಬೀಳುತ್ತದೆ. ಶಿಥಿಲ ಕಟ್ಟಡಕ್ಕೆ ನೋಟಿಸ್ ಕೊಡುವ ಅಧಿಕಾರ 1976ರ ಪಾಲಿಕೆ ಕಾಯ್ದೆಯಲ್ಲಿ ಮಹಾನಗರ ಪಾಲಿಕೆಗಿದೆ. ಆದರೆ ಖಾತೆಯಲ್ಲಿರುವ ಅಜ್ಜ ತೀರಿಹೋಗಿ ಎಷ್ಟೋ ವರ್ಷ. ನೋಟಿಸ್ ಯಾರ ಕೈಗೆ ಕೊಡ್ತಾರೆ? ಮೊಮ್ಮಕ್ಕಳು ರಿಪೇರಿ ಮಾಡಿಸೋಣ ಅಂದರೆ ಬ್ಯಾಂಕ್ ಸಾಲ ಸಿಗಲ್ಲ. 2024ರ ಅಕ್ಟೋಬರ್‌ನಿಂದ ಇ-ಖಾತಾ, ಅಂದ್ರೆ ಆನ್‌ಲೈನ್ ಖಾತೆ, ಇಲ್ಲದೆ ಆಸ್ತಿ ನೋಂದಣಿಯೂ ಇಲ್ಲ. ಹಾಗಾಗಿ ಮಾರೋಕೂ ಬರಲ್ಲ.

ಮೊದಲು ಮರಣ ಪತ್ರ ತೆಗೆಸುತ್ತೇನೆ. ಸಾವು ನೋಂದಣಿಯೇ ಆಗಿಲ್ಲ, ವರ್ಷ ದಾಟಿದೆ ಅಂದರೆ ಮೇಲಧಿಕಾರಿಗಳ ಆದೇಶ ಬೇಕು, ಅದಕ್ಕೆ ತಾಳ್ಮೆ ಇರಬೇಕು. ಆಮೇಲೆ ನಾಡಕಚೇರಿಯಿಂದ ವಂಶವೃಕ್ಷ. ನಿಜವಾದ ಜಗಳ ಇಲ್ಲೇ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡೋಣ ಅನ್ನುವವರೇ ಬಹಳ. ನಾನು ಅಂಥ ಅರ್ಜಿ ಹಾಕಲ್ಲ. ನಾಳೆ ಅವರು ತಕರಾರು ತೆಗೆದರೆ ಮನೆಗೆ ಮತ್ತೆ ಬೀಗವೇ, ಅಲ್ವಾ?

ಅಣ್ಣತಮ್ಮಂದಿರದು ಇನ್ನೊಂದು ಹಟ. "ಪಾಲು ಆಗೋ ತನಕ ಸಹಿ ಹಾಕಲ್ಲ" ಅಂತ ಒಬ್ಬರು ಕೂತೇಬಿಟ್ಟರು.

"ಅಣ್ಣಾ, ಖಾತೆ ಆದ್ರ ಪಾಲು ಆದಂಗಲ್ಲ. ಈಗ ಎಲ್ರ ಹೆಸರೂ ಕೂಡೇ ಇರ್ಲಿ, ಪಾಲು ಆಮೇಲೆ ಮಾಡ್ಕೋರಿ" ಅಂದೆ. ಜಂಟಿ ಖಾತೆ ಅನ್ನೋದೊಂದು ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ.

ಬಾಕಿ ತೆರಿಗೆಯನ್ನೂ ಕಟ್ಟಿಸುತ್ತೇನೆ. ಹಳೇ ಬಾಕಿಗೆ ದಂಡ ತಪ್ಪಲ್ಲ. ಆ ವರ್ಷದ್ದನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ.

ಖಾತೆಯಾದ ಒಂದು ಮನೆಯಲ್ಲಿ ಈಗ ಜೀನ್ಸ್ ಹೊಲಿಗೆ ಮಿಷನ್‌ಗಳು ಓಡುತ್ತಿವೆ. ಮತ್ತೊಂದನ್ನು ಮನೆಯವರೇ ಕೆಡವಿ ಜಾಗ ಚೊಕ್ಕ ಮಾಡಿದರು. ಚರಂಡಿ ಮನವಿಗೆ ಈಗ ತೆರಿಗೆ ರಸೀದಿಗಳನ್ನೂ ಲಗತ್ತಿಸುತ್ತೇವೆ. ವಾರ್ಡ್ ಎಂಜಿನಿಯರ್ ಬಂದು ಅಳತೆ ತಗೊಂಡು ಹೋಗಿದ್ದಾರೆ.

ಮೂಲೆ ಮನೆಯದು ಮಾತ್ರ ನಿಂತಿದೆ. ಆದೋನಿಗೆ ಕೊಟ್ಟ ತಂಗಿ ಸಹಿ ಹಾಕಬೇಕು, ಅಣ್ಣನ ಜೊತೆ ಮಾತು ಬಿಟ್ಟಿದ್ದಾರೆ. ಪಂಚಮಿಗೆ ತವರಿಗೆ ಬರ್ತಾರಂತೆ. ಅರ್ಜಿ ರೆಡಿ ಮಾಡಿ ಇಟ್ಟಿದ್ದೇನೆ.