ಅಮೆರಿಕದಲ್ಲಿ ಹೋಟೆಲ್ ತೆರೆಯುವವರೇ, ಎಕ್ಸಿಟ್ ಬೋರ್ಡಿನ ಬಣ್ಣ ಮೊದಲು ಕೇಳಿ

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ದೋಸೆ ಹೋಟೆಲ್ ಇಡಲು ಹೊರಟ ಹಾಸನದ ಹುಡುಗನೊಬ್ಬ ಮೊನ್ನೆ ಫೋಟೊ ಕಳಿಸಿದ. ಹಿಂಬಾಗಿಲ ಮೇಲೆ ಹಸಿರು ಎಕ್ಸಿಟ್ ಬೋರ್ಡು. ನನ್ನೆದೆ ಧಸಕ್ಕೆಂದಿತು. ನಾನೂ ಇದೇ ನಗರದಲ್ಲಿ ನನ್ನ ಹೋಟೆಲಿಗೆ ಹಸಿರನ್ನೇ ಹಾಕಿಸಿ ಕೈ ಸುಟ್ಟುಕೊಂಡವನು.

ಬೆಂಗಳೂರಿನ ಮಾಲ್‌ಗಳಲ್ಲಿ ಹಸಿರು ನೋಡಿ ರೂಢಿಯಾದ ನಮಗೆ ಬೇರೆ ಬಣ್ಣ ಹೊಳೆಯುವುದೇ ಇಲ್ಲ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಬಣ್ಣ ಅಂತಿಲ್ಲ. ಬಹುತೇಕ ರಾಜ್ಯಗಳು ಆಧಾರವಾಗಿ ಇಟ್ಟುಕೊಂಡಿರುವ ಐಬಿಸಿ (ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್) ಎಂಬ ಕಟ್ಟಡ ನಿಯಮಾವಳಿ ಬಣ್ಣ ಗೊತ್ತುಮಾಡುವುದಿಲ್ಲ. ಅಕ್ಷರ ಎದ್ದು ಕಾಣಬೇಕು, 6 ಇಂಚು ಎತ್ತರ ಇರಬೇಕು, ಕರೆಂಟು ಹೋದ ಮೇಲೂ 90 ನಿಮಿಷ ಉರಿಯಬೇಕು, ಅಷ್ಟೆ. ಬಣ್ಣ ಆಯಾ ಊರಿನ ತೀರ್ಮಾನ. ನ್ಯೂಯಾರ್ಕ್ ನಗರಕ್ಕೆ ಕೆಂಪೇ ಆಗಬೇಕು.

ಹಣ ಹೋಗಿದ್ದು ಆಮೇಲೆ. ಹಸಿರು ಕಿತ್ತು, ನ್ಯೂಜೆರ್ಸಿಯ ಅಂಗಡಿಯೊಂದರಿಂದ ಕೆಂಪು ತಂದೆ. ಡಬ್ಬಿಯ ಮೇಲೆ 'ಯುಎಲ್ 924' ಎಂಬ ಸುರಕ್ಷತಾ ಪರೀಕ್ಷೆಯ ಮುದ್ರೆ ಇತ್ತು, ಇನ್ನೇನು ಬೇಕು ಅಂದುಕೊಂಡೆ. ಇನ್ಸ್‌ಪೆಕ್ಟರ್ ಏಣಿ ಹತ್ತಿ 'ಇ' ಅಕ್ಷರಕ್ಕೆ ಟೇಪ್ ಹಿಡಿದರು. 6 ಇಂಚು. ಈ ನಗರದಲ್ಲಿ 8 ಇಂಚು ಬೇಕು. ಬಣ್ಣ ಸರಿ, ಬೋರ್ಡು ತಪ್ಪು! ಮೂರನೇ ಸಲ ಬೋರ್ಡು, ಎಲೆಕ್ಟ್ರಿಷಿಯನ್ ಕೂಲಿ, ಮತ್ತೆ ತಪಾಸಣೆಗೆ ಕಾಯುವ ದಿನಗಳು. ಒಲೆ ಹಚ್ಚದೆಯೇ ಮೂರು ವಾರದ ಬಾಡಿಗೆ ಕಟ್ಟಿದೆ. ಯುಎಲ್ ಮುದ್ರೆ ಎಂದರೆ ಸಾಧನ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಮಾತ್ರ, ನಿಮ್ಮ ಊರು ಒಪ್ಪುತ್ತದೆ ಎಂದಲ್ಲ. ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ಹಸಿರೇ ಮೇಲು. ಕೆಂಪು ಕಂಡರೆ ನಿಲ್ಲು ಎಂದು ರಸ್ತೆಯಲ್ಲಿ ಕಲಿಸಿ, ಬೆಂಕಿ ಬಿದ್ದಾಗ ಕೆಂಪಿನ ಕಡೆ ಓಡು ಎನ್ನುವುದು ಯಾವ ನ್ಯಾಯ? ಜಪಾನಿನಲ್ಲಿ ಹುಟ್ಟಿದ ಓಡುವ ಮನುಷ್ಯನ ಹಸಿರು ಚಿತ್ರ ಇಂಗ್ಲಿಷ್ ಓದಲು ಬಾರದ ನಮ್ಮಮ್ಮನಿಗೂ ಅರ್ಥವಾಗುತ್ತದೆ. ಕೆನಡಾ 2010ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದನ್ನೇ ಒಪ್ಪಿಕೊಂಡಿತು. ಆದರೆ ನಮ್ಮ ಅಭಿಪ್ರಾಯಕ್ಕೆ ಲೈಸೆನ್ಸ್ ಸಿಗುವುದಿಲ್ಲ.

ಆರ್ಡರ್ ಮಾಡುವ ಮುನ್ನ ನಗರದ ಕಟ್ಟಡ ಇಲಾಖೆಗೆ ಫೋನ್ ಮಾಡಿ ಬಣ್ಣ, ಅಕ್ಷರದ ಎತ್ತರ ಎರಡನ್ನೂ ಕೇಳಿ. ಪಕ್ಕದ ಊರಿನ ಗೆಳೆಯರ ಮಾತು ಇಲ್ಲಿ ನಡೆಯುವುದಿಲ್ಲ. ಬೋರ್ಡು ಹಾಕಿಸಿದ ದಿನವೇ ಟೆಸ್ಟ್ ಬಟನ್ ಒತ್ತಿ ಬ್ಯಾಟರಿಯನ್ನೂ ನೋಡಿಕೊಳ್ಳಿ.