ಪ್ಯಾಕೇಜ್ ಇಲ್ಲದೆ ಇಕಾ ಸುತ್ತಿದ್ದು: ನನ್ನ ಅನುಭವ

ಪೆರುವಿನ ಇಕಾಗೆ ಟೂರ್ ಪ್ಯಾಕೇಜ್ ಇಲ್ಲದೆ ಹೋಗುತ್ತೇನೆ ಅಂದಾಗ ಗೆಳೆಯರೆಲ್ಲ ನಕ್ಕರು. ಸ್ಪ್ಯಾನಿಷ್ ಬರಲ್ಲ, ಮಾಂಸ ತಿನ್ನಲ್ಲ, ಹೇಗಪ್ಪಾ ಅಂತ. ಹೋಗಿ ಬಂದೆ. ಒಂದು ರಾತ್ರಿ ಅಲ್ಲೇ ತಂಗಿದರೂ ಖರ್ಚು ಪ್ಯಾಕೇಜಿಗಿಂತ ಕಡಿಮೆಯೇ ಆಯಿತು.

ಮೊದಲ ಸಲ ಪ್ಯಾಕೇಜಿನಲ್ಲೇ ಹೋಗಿದ್ದೆ. ನಸುಕಿಗೆ ಲಿಮಾ ಬಿಟ್ಟು ಬಾಯೆಸ್ತಾಸ್ ದ್ವೀಪ, ಆಮೇಲೆ ವೈನರಿ, ಸಂಜೆ ಮರಳುಗುಡ್ಡಗಳ ನಡುವಿನ ವಾಕಾಚಿನಾ ಕೊಳ. ವೈನರಿಗೆ ಸಿಕ್ಕಿದ್ದು ಅರ್ಧ ಗಂಟೆ. ಪ್ಲಾಸ್ಟಿಕ್ ಲೋಟ ಖಾಲಿಯಾಗುವ ಮೊದಲೇ ಬಸ್ ಹಾರ್ನ್. ಅಷ್ಟಕ್ಕೆ ಏಳೆಂಟು ಸಾವಿರ ರೂಪಾಯಿ!

ಈ ಸಲ ಲಿಮಾದಿಂದ ಮಧ್ಯಾಹ್ನದ ಬಸ್. 300 ಕಿ.ಮೀ., ಐದು ಗಂಟೆ, ಐವತ್ತು-ಅರವತ್ತು ಸೋಲ್. ಒಂದು ಸೋಲ್‌ಗೆ 22-23 ರೂಪಾಯಿ ಅಂತ ಲೆಕ್ಕ ಇಟ್ಟುಕೊಂಡಿದ್ದೆ. ರೂಮು ವಾಕಾಚಿನಾ ಕೊಳದ ಪಕ್ಕ ಬೇಡ, ರಾತ್ರಿಯಿಡೀ ಡಿಸ್ಕೋ ಗಲಾಟೆ. ಇಕಾ ಪೇಟೆಯಲ್ಲೇ ಮಾಡಿದೆ. ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತುವ ಮೊದಲೇ ದರ ಮಾತಾಡಬೇಕು. ನಾನು ಹೇಗೆ ಇಳಿಸಿದೆ ಅನ್ನುವುದು ಗುಟ್ಟು.

ಬಿಸಿಲೇರುವ ಮೊದಲೇ ತಕಾಮಾ. 16ನೇ ಶತಮಾನದಿಂದ ದ್ರಾಕ್ಷಿ ಬೆಳೆಯುತ್ತಿರುವ ಎಸ್ಟೇಟು. ವೈನ್ ಪರವಾಗಿಲ್ಲ, ಆದರೆ ಇಕಾಗೆ ಹೋಗುವುದು ಪಿಸ್ಕೋಗಾಗಿ, ಅಂದರೆ ಅಲ್ಲಿನ ದ್ರಾಕ್ಷಿ ಬ್ರಾಂದಿಗಾಗಿ. ಅಲ್ಲಿಂದ ಒಂದು ಮನೆತನ ನಡೆಸುವ ಸಣ್ಣ ಬೊದೆಗಾಗೆ (ಪಿಸ್ಕೋ ತಯಾರಿಸುವ ಜಾಗ) ಹೋದೆ, ಹೆಸರು ಹೇಳಲ್ಲ, ಜನ ಜಾಸ್ತಿ ಆದರೆ ನನಗೇ ನಷ್ಟ. ಅಲ್ಲಿ ಸೌದೆ ಉರಿಯ ಫಾಲ್ಕಾ, ಅಂದರೆ ಹಳೇ ಕಾಲದ ಭಟ್ಟಿ, ಇನ್ನೂ ಇದೆ. ಪೆರುವಿನಲ್ಲಿ ಪಿಸ್ಕೋಗೆ ನೀರು ಬೆರೆಸುವಂತಿಲ್ಲ. ಭಟ್ಟಿಯಿಂದ ಇಳಿದಾಗ ಎಷ್ಟು ಖಾರವೋ ಅಷ್ಟೇ ಬಾಟಲಿಗೆ.

ಹಿಂದಿನ ರಾತ್ರಿ ರೂಮಲ್ಲಿ ಸುಮ್ನೆ ಒಂದು ಪ್ರಯೋಗ ಮಾಡಿದ್ದೆ. ಪೂರೋ (ಒಂದೇ ತಳಿಯ ದ್ರಾಕ್ಷಿಯದು), ಅಚೊಲಾದೋ (ಹಲವು ತಳಿ ಬೆರೆಸಿದ್ದು), ಮೋಸ್ತೋ ವೆರ್ದೆ, ಈ ಮೂರು ಬಗೆಯ ಪಿಸ್ಕೋವನ್ನೂ ಬೇರೆ ಬೇರೆ ಲೋಟಕ್ಕೆ ಸುರಿದು ಕಣ್ಣು ಮುಚ್ಚಿ ರುಚಿ ನೋಡಿದೆ. ಮೋಸ್ತೋ ವೆರ್ದೆ ತಕ್ಷಣ ಗೊತ್ತಾಯಿತು, ಗಂಟಲಲ್ಲಿ ನುಣ್ಣಗೆ ಇಳಿಯುತ್ತದೆ. ಪೂರ್ತಿ ಹುಳಿಯುವ ಮೊದಲೇ ಭಟ್ಟಿ ಇಳಿಸುವುದರಿಂದ ದ್ರಾಕ್ಷಿ ಜಾಸ್ತಿ ಬೇಕು, ಬೆಲೆಯೂ ಜಾಸ್ತಿ. ನಂಜಿಕೊಳ್ಳಲು ಪಾಯಾರ್, ನಮ್ಮ ಡಬಲ್ ಬೀನ್ಸ್ ಜಾತಿಯದೇ. ಈರುಳ್ಳಿ, ನಿಂಬೆಹಣ್ಣು ಹಾಕಿದರೆ ಥೇಟ್ ಉಸಲಿ. ಊಟದ ಚಿಂತೆ ಅಲ್ಲಿಗೆ ಮುಗಿಯಿತು.

ವಾಕಾಚಿನಾಗೆ ಸಂಜೆ ನಾಲ್ಕಕ್ಕೆ ಹೋಗಿ. ಅಂತರ್ಜಲ ಕುಸಿದು ಕೊಳಕ್ಕೆ ಈಗ ಪಂಪಿನಲ್ಲಿ ನೀರು ಬಿಡುತ್ತಾರೆ, ಅದು ನೋಡಿ ಬೇಜಾರಾಯಿತು. ಮರಳು ಗುಡ್ಡ ಮಾತ್ರ ಬೊಂಬಾಟ್. ಮರಳಲ್ಲಿ ಓಡುವ ಬಗ್ಗಿ ಗಾಡಿಗೆ ಐವತ್ತು ಸೋಲ್ ಹತ್ತಿರ, ಹಲಗೆ ಅದರಲ್ಲೇ ಸೇರಿ. ಜಾರುವ ಮುಂಚೆ ಹಲಗೆಯ ತಳಕ್ಕೆ ಮೇಣ ಚೆನ್ನಾಗಿ ಉಜ್ಜಿ, ಇಲ್ಲದಿದ್ದರೆ ಅರ್ಧ ಇಳಿಜಾರಲ್ಲೇ ನಿಂತುಬಿಡುತ್ತದೆ. ಗುಡ್ಡದ ಪ್ರವೇಶ ಟಿಕೆಟ್ ಬೇರೆ, ಚಿಲ್ಲರೆ ಇಟ್ಟುಕೊಂಡಿರಿ.